ಬಿ ಲಕೋಟೆ

ಲಕೋಟೆ ಒಡೆಯುವವನು ನಾನು.
ಡಾಕ್ಟರಮ್ಮನಿಗೆ ಗೊತ್ತಿಲ್ಲ, ಬರೆದುಕೊಳ್ಳುವ ಹುಡುಗಿಗೆ ಗೊತ್ತಿಲ್ಲ,
ಮಂಚದ ಮೇಲೆ ಕೂತವರಿಗಂತೂ ಇಲ್ಲವೇ ಇಲ್ಲ.
ಎ ಬಂದರೆ ಪಟದಲ್ಲಿ ಚುಕ್ಕಿ ಇಟ್ಟ ಜಾಗ.
ಬಿ ಬಂದರೆ ಅಲ್ಲಿಂದ ಎರಡು ಬೆರಳು ಆಚೆ,
ಯಾವ ಚೀನೀ ಮುತ್ತಜ್ಜನೂ ಹೆಸರಿಡದ ಬರೀ ಚರ್ಮ.
ಸೂಜಿ ಅದೇ, ಸ್ಪಿರಿಟ್ಟಿನ ಹತ್ತಿ ಅದೇ,
ಮುಖವೂ ಅದೇ ಇರಬೇಕೆಂದು ತರಬೇತಿಯಲ್ಲಿ ಹೇಳಿದ್ದರು.
ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದರೆ
ಹೆಂಡತಿ ಕೇಳಿದಳು: ಯಾರಿಗೆ ಸಾಲ ಇಲ್ಲ ಅನ್ನಾಕೆ ಈ ತಯಾರಿ?

ದಾವಣಗೆರೆಯ ಏಪ್ರಿಲ್. ಫ್ಯಾನು ಬಿಸಿಯನ್ನೇ ಹಂಚುತ್ತಿತ್ತು.
ಮೊದಲು ಬಂದವಳು ಖೈರುನ್‌ಬಿ,
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೆಂಟು ವರ್ಷ
ಕಾದ ಮರಳಲ್ಲಿ ಅಕ್ಕಿ ಮಗುಚಿ ಮಗುಚಿ
ಬಲಗೈ ಕಿವಿಯಿಂದ ಮೇಲೇಳುತ್ತಿರಲಿಲ್ಲ.
ತಲೆ ಬಾಚಲು ಸೊಸೆ ಬೇಕು, ಸೊಸೆಗೆ ಬಾಯಿ ಜಾಸ್ತಿ.
ಒಪ್ಪಿಗೆ ಕಾಗದ ಓದಿ ಹೇಳಿದೆ:
ಸರಿಯಾದ ಜಾಗವೂ ಇರಬಹುದು, ಅಲ್ಲದ ಜಾಗವೂ ಇರಬಹುದು.
‘ಚುಚ್ಚೋದಂತೂ ಖರೇನ ಹೌದಲ್ಲೋ?’
ಎಂದು ಹೆಬ್ಬೆಟ್ಟು ಒತ್ತಿದಳು.

ನೋವು ಹತ್ತಕ್ಕೆ ಎಷ್ಟಮ್ಮ?
‘ಹದಿನಾರಾಣೆಗೆ ಹನ್ನೆರಡಾಣೆ.’
ಕಾಗದದಲ್ಲಿ ಆಣೆಗೆ ಕಾಲಂ ಇಲ್ಲ, ಏಳೂವರೆಗೂ ಇಲ್ಲ.
ಹುಡುಗಿ ಎಂಟು ಎಂದು ತುಂಬಿದಳು.
ಹಾಗೆ ಅರ್ಧ ನೋವು ಖೈರುನ್‌ಬಿಯ ಪಾಲಿಗೆ ಹೆಚ್ಚೇ ಬಂತು.

ಅವಳದು ಬಿ.

ಮಗ್ಗುಲ ಮಂಚದಲ್ಲಿ ತಿಪ್ಪೇಶಪ್ಪ,
ಮುಚ್ಚಿದ ಮಿಲ್ಲಿನ ನೂಲಿನ ಖಾತೆಯವರು. ಎ.
ಚುಕ್ಕಿಯ ಮೇಲೆ ಚುಕ್ಕಿ, ಒಂದು ಎಳೆಯೂ ಆಚೀಚೆ ಇಲ್ಲ.
ಮೊಣಕೈತನಕ ಇರುವೆ ಸಾಲು ಇಳಿದಂಗೈತಿ ಎಂದರು.
ಪುಸ್ತಕ ಹೇಳಿದ್ದೂ ಅದನ್ನೇ.
ಮೊದಲ ದಿನ ಏಳು, ಆರನೇ ವಾರವೂ ಏಳು.
‘ಸೈರನ್ ನಿಂತು ಎಷ್ಟೋ ವರ್ಷಾತು,
ಇವತ್ತಿಗೂ ಐದಕ್ಕೇ ಎಚ್ಚರಾಕ್ಕೈತಿ.
ನೋವೂ ಹಂಗ, ಡ್ಯೂಟಿ ಬಿಡಂಗಿಲ್ಲ.’

ಖೈರುನ್‌ಬಿ ಮೂರನೇ ವಾರ ಬಂದಾಗ
ಸೆರಗಿನ ಅಂಚಲ್ಲಿ ಬೈತಲೆ ಕಂಡಿತು.
ಸೊಟ್ಟಗಿತ್ತು. ತಾನೇ ತೆಗೆದದ್ದು.
ನನ್ನ ಮುಖ ಅದೇ ಇತ್ತೋ ಇಲ್ಲವೋ.
ಇಪ್ಪತ್ತು ನಿಮಿಷ ಸೂಜಿ ಇಟ್ಟುಕೊಂಡು ಕೂತು
ಭಟ್ಟಿಯ ಹೊಗೆ, ಸತ್ತ ಗಂಡನ ಸೈಕಲ್ಲು,
ಪಕ್ಕದ ಮನೆಯ ಮೇಕೆ ತಿಂದ ಕರೆಂಟ್ ಬಿಲ್ಲು,
ಎಲ್ಲ ಹೇಳಿದಳು. ನಡುವೆ ಯಾರೂ ಅವಳನ್ನು ಕೂಗಲಿಲ್ಲ.
ಅದಕ್ಕೊಂದು ಕಾಲಂ ಇರಬೇಕಿತ್ತು ಎನ್ನಿಸಿತು.

ಕೊನೇ ದಿನ ಒಂದು ಚೀಲ ಮಂಡಕ್ಕಿ ತಂದು
‘ಆ ಜಾಗಕ್ಕ ಏನಂತಾರೋ? ಭಟ್ಟಿಯಾಗ ಎಲ್ಲಾರೂ ಕೇಳ್ತಾರ’ ಎಂದಳು.
ಗೋಡೆಯ ಪಟದಲ್ಲಿ ಮುನ್ನೂರು ಚಿಲ್ಲರೆ ಹೆಸರು,
ಅವಳದಕ್ಕೆ ಇಲ್ಲ.
ಗೊತ್ತಿಲ್ಲಮ್ಮ ಎಂದೆ.
ಆರು ವಾರದಲ್ಲಿ ಮುಖ ಬಿಗಿಯದೆ ಆಡಿದ ಒಂದೇ ಮಾತು.
‘ಹೋಗ್ಲಿ ಬಿಡು, ಜಾಗ ಗೊತ್ತೈತಲ್ಲ’ ಎನ್ನುತ್ತ
ಬೆರಳಿಟ್ಟು ತೋರಿಸಿದಳು:
ಎ ಅಲ್ಲ, ನಾನು ಚುಚ್ಚಿದ ಬಿಯೂ ಅಲ್ಲ,
ಅಲ್ಲಿಂದಲೂ ಇನ್ನೊಂದೆರಡು ಬೆರಳು ಕೆಳಗೆ.

ಮಳೆಗಾಲದಲ್ಲಿ ಲೆಕ್ಕ ಬಂತು.
ಎ ಅಷ್ಟು ಇಳಿದಿದೆ, ಬಿ ಇಷ್ಟು ಇಳಿದಿದೆ,
ನಡುವಿನ ಅಂತರ ನಾಣ್ಯ ಚಿಮ್ಮಿದರೂ ಬರುವಷ್ಟು.
ಸುಮ್ಮನೆ ಕಾದವರ ಪಟ್ಟಿ ಇದ್ದಲ್ಲೇ ಇತ್ತು.
‘ಹಂಗಾರೆ ಚುಕ್ಕಿ ಸುಳ್ಳಾ ಮೇಡಂ?’ ಹುಡುಗಿ ಕೇಳಿದಳು.
ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹುಡುಕುತ್ತಾ
‘ಇಳಿದದ್ದು ಸುಳ್ಳಲ್ಲ’ ಎಂದರು. ಮುಚ್ಚಳ ಸಿಗಲಿಲ್ಲ.

ಆ ಸಂಜೆ ಡಬ್ಬಿಯ ತಳದ ಮಂಡಕ್ಕಿಗೆ
ಒಂದಿಷ್ಟು ಖಾರ ಕಲಸಿ ಕೂತೆ.
ಮೆತ್ತಗಾಗಿತ್ತು.
ಮೂರನೇ ಮುಕ್ಕಿಗೆ ಹಲ್ಲಿಗೆ ಕರ್ರ್ ಎಂದಿತು ಮರಳು,
ಒಂದೇ ಕಣ,
ಅಕ್ಕಿಯನ್ನು ಅರಳಿಸಿ
ಜರಡಿಯಲ್ಲಿ ಇಳಿದುಹೋಗಬೇಕಾಗಿದ್ದದ್ದು.
ಉಗುಳಲು ಎದ್ದವನು
ಬಾಗಿಲಲ್ಲಿ ನಿಂತು
ನಾಲಗೆಯ ಮೇಲೆ ಅದನ್ನು ಆಚೀಚೆ ಸರಿಸುತ್ತಿದ್ದೆ.